ತುಕ್ಕು, ತಗಡು ಮತ್ತು ಜೀರ್ಣೋದ್ಧಾರದ ಲೆಕ್ಕ

ಕರ್ನಾಟಕದ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸತಲ್ಲ. ದೇಗುಲಕ್ಕೋ ಬಸದಿಗೋ ಭೂಮಿ ದತ್ತಿ ಬಿಡುವಾಗ ದೇವರ ಅಂಗಭೋಗ, ನಂದಾದೀವಿಗೆ, ಋಷಿಯರ ಆಹಾರದಾನ ಎಂದು ಖರ್ಚಿನ ಬಾಬತ್ತುಗಳನ್ನು ಒಂದೊಂದಾಗಿ ಹೇಳುತ್ತಾರೆ. ಆ ಪಟ್ಟಿಯಲ್ಲಿ ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವ ಖರ್ಚೂ ಸೇರಿರುತ್ತದೆ. ನಾನು ಎಂ.ಎ. ಓದುವಾಗ ಇದನ್ನು ಶಾಸನದ ಒಂದು ಸವಕಲು ಸೂತ್ರವೆಂದು ತಿಳಿದು ಮುಂದಿನ ಸಾಲಿಗೆ ಹೋಗುವುದೇ ರೂಢಿಯಾಗಿತ್ತು. ಆದರೆ ಆ ಮಾತಿನ ಹಿಂದೆ ಒಂದು ತಿಳಿವಳಿಕೆ ಇದೆ. ಕಲ್ಲಿನಲ್ಲಿ ಕಟ್ಟಿದ್ದೂ ಒಂದು ದಿನ ಒಡೆಯುತ್ತದೆ. ಹಾಗಾಗಿ ಕಟ್ಟಿದ ದಿನವೇ ರಿಪೇರಿಯ ದುಡ್ಡನ್ನು ತೆಗೆದಿಡಬೇಕು. ಹೊಸದನ್ನು ಕಟ್ಟಿದವನಿಗೆ ಸಿಗುವ ಪುಣ್ಯ ಹಳೆಯದನ್ನು ಉಳಿಸಿದವನಿಗೂ ಸಿಗಬೇಕು.

ಕಳೆದ ವರ್ಷ ಮೈಸೂರಿನ ಒಂದು ಗ್ಯಾರೇಜಿನಲ್ಲಿ ಕೆಲವು ವಾರ ಕಳೆದ ಮೇಲೆ ಆ ಮಾತು ನನಗೆ ಬೇರೆಯಾಗಿ ಕೇಳತೊಡಗಿತು. ನನ್ನ ಪಿಎಚ್.ಡಿ. ಅಧ್ಯಯನ ಮೈಸೂರು ಸಂಸ್ಥಾನದ ಕೈಗಾರಿಕಾ ಕಾರ್ಮಿಕರ ಚರಿತ್ರೆಗೆ ಸಂಬಂಧಿಸಿದ್ದು. ಗ್ಯಾರೇಜಿಗೆ ಹೋದದ್ದು ಅದಕ್ಕಾಗಿ ಅಲ್ಲ, ಮನೆಯ ಕಾರಣಕ್ಕೆ. ನನ್ನ ಅಜ್ಜ ಕುಂದಾಪುರದಲ್ಲಿ ವೈದ್ಯರಾಗಿದ್ದಾಗ 1967ರಲ್ಲಿ ಕೊಂಡ ಫಿಯೆಟ್ 1100 ಡಿಲೈಟ್ ಕಾರು ಈಗ ಸೋದರಮಾವನ ಬಳಿ ಇದೆ. ಅದರ ಹೊಟ್ಟೆಯೆಲ್ಲ ತುಕ್ಕು ಹಿಡಿದಿತ್ತು. ಮಾವನಿಗೆ ಅದನ್ನು ‘ವಿಂಟೇಜ್’ ವಾಹನವೆಂದು ನೋಂದಾಯಿಸುವ ಆಸೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಖಾಸಗಿ ವಾಹನಗಳಿಗೆ ಆ ಮಾನ್ಯತೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ನವೀಕರಣಕ್ಕೆ 5,000. ಆದರೆ ಒಂದು ಷರತ್ತಿದೆ. ವಾಹನ ತನ್ನ ಮೂಲ ಸ್ವರೂಪದಲ್ಲೇ ಇರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿಗೆ ಮಾರ್ಪಾಡು ಮಾಡುವಂಥ ದೊಡ್ಡ ಕೆಲಸ ಆಗಿರಬಾರದು.

ನಿಯಮ ಓದಲು ಸರಳವಾಗಿದೆ. ತುಕ್ಕು ಹಿಡಿದ ಕಾರಿನ ಮುಂದೆ ನಿಂತಾಗ ಸರಳವಾಗಿ ಉಳಿಯುವುದಿಲ್ಲ. ತಗಡು ಕತ್ತರಿಸಿ ಹೊಸದು ಬೆಸೆಯದಿದ್ದರೆ ಆ ಕಾರು ಉಳಿಯುವುದಿಲ್ಲ. ಬೆಸೆದರೆ ಎಷ್ಟರ ತನಕ ಅದು ‘ಮೂಲ’? ಈ ಪ್ರಶ್ನೆಯ ಬೆನ್ನು ಹಿಡಿದರೆ ಕಬ್ಬಿಣದ ಗುಣಕ್ಕೂ ಈ ದೇಶದ ಕಾರುಗಳ ಚರಿತ್ರೆಗೂ ಹೋಗಬೇಕಾಗುತ್ತದೆ.

ಮೊದಲು ಕಬ್ಬಿಣದ ಮಾತು. ಕನ್ನಡದಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗೆ ಹಿಡಿಯುವುದನ್ನು ಕಿಲುಬು ಅನ್ನುತ್ತೇವೆ, ಕಬ್ಬಿಣಕ್ಕೆ ಹಿಡಿಯುವುದನ್ನು ತುಕ್ಕು ಅನ್ನುತ್ತೇವೆ. ಎರಡು ಬೇರೆ ಪದಗಳಿರುವುದು ಸರಿಯಾಗಿಯೇ ಇದೆ. ಹಳೆಯ ತಾಮ್ರದ ಮೇಲೆ ಕೂರುವ ಹಸಿರು ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಬಹುಮಟ್ಟಿಗೆ ಕಾಯುತ್ತದೆ. ತುಕ್ಕಿಗೆ ಆ ನಿಯತ್ತಿಲ್ಲ. ಕಬ್ಬಿಣ ನೀರು ಮತ್ತು ಆಮ್ಲಜನಕದ ಜೊತೆ ಸೇರಿ ತುಕ್ಕಾದಾಗ ಅದು ಮೊದಲಿನ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಉಬ್ಬುತ್ತದೆ, ಮೇಲಿನ ಬಣ್ಣವನ್ನು ಎತ್ತುತ್ತದೆ, ಚಕ್ಕೆಯಾಗಿ ಉದುರಿ ಒಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಇದಕ್ಕೆ ಮಳೆಯೇ ಬರಬೇಕೆಂದಿಲ್ಲ. ಗಾಳಿಯ ಆರ್ದ್ರತೆ ಸುಮಾರು ಶೇ. 60 ದಾಟಿದರೆ ಸಾಕು, ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು ಕೆಲಸ ಶುರುವಾಗುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಕರಾವಳಿಯ ವಾಹನಗಳಿಗೆ ಸಮುದ್ರದ ಗಾಳಿಯ ಜೊತೆಗೆ ಹೆದ್ದಾರಿಯುದ್ದಕ್ಕೂ ಮೀನಿನ ಲಾರಿಗಳು ಸುರಿಸುತ್ತಾ ಹೋಗುವ ಉಪ್ಪುನೀರಿನ ಸೇವೆಯೂ ಇದೆ. ಅಜ್ಜನ ಕಾರಿನ ಎಂಜಿನ್ ಇವತ್ತಿಗೂ ಒಂದೇ ಸೆಲ್ಫಿಗೆ ಏಳುತ್ತದೆ. ಸೋತದ್ದು ತಗಡು.

ತಗಡು ಸೋತರೆ ಏನಾಯಿತು, ಎಂಜಿನ್ ಇದೆಯಲ್ಲ ಎನ್ನುವಂತಿಲ್ಲ. ಹಳೆಯ ಕಾಲದ ಕಾರುಗಳಲ್ಲಿ ಕೆಳಗೊಂದು ದಪ್ಪ ಉಕ್ಕಿನ ಚಾಸಿ, ಅದರ ಮೇಲೆ ಮರದ ಚೌಕಟ್ಟು, ಅದಕ್ಕೆ ಹೊದಿಸಿದ ತಗಡು ಇರುತ್ತಿತ್ತು. ತಗಡು ಅಲ್ಲಿ ಅಂಗಿಯಿದ್ದಂತೆ. 1922ರ ಲಾನ್ಸಿಯಾ ಲ್ಯಾಂಬ್ಡಾ, 1934ರ ಸಿಟ್ರೋಯೆನ್ ಟ್ರಾಕ್ಸಿಯೋನ್ ಆವಾಂ ಮುಂತಾದ ಕಾರುಗಳು ಬೇರೆ ಚಾಸಿಯನ್ನು ಬಿಟ್ಟು, ಬಾಡಿಯೇ ಭಾರ ಹೊರುವ ರಚನೆಯನ್ನು ತಂದವು. 1953ರಲ್ಲಿ ಬಂದ ಫಿಯೆಟ್ 1100 ಕೂಡ ಅದೇ ಜಾತಿಯದು. ನಮ್ಮ ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕೂಡ. ಇಂಥ ಕಾರಿನಲ್ಲಿ ಬಾಗಿಲಿನ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ಟೊಳ್ಳು ಪಟ್ಟಿಯೇ ಬೆನ್ನುಮೂಳೆ. ಅದರ ತಗಡಿನ ದಪ್ಪ ಹೆಚ್ಚು ಕಡಿಮೆ ಒಂದು ಮಿಲಿಮೀಟರ್. ಚಕ್ರ ಎರಚಿದ ಕೆಸರು ಒಳಗೆ ಸೇರಿ, ನೀರು ಹೋಗುವ ತೂತು ಕಟ್ಟಿಕೊಂಡರೆ, ಬೆನ್ನುಮೂಳೆ ಒಳಗಿನಿಂದಲೇ ಕರಗುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಗೊತ್ತಿರಲಿಲ್ಲವೆಂದಲ್ಲ. ಉಕ್ಕಿಗೆ ಸತುವಿನ ಲೇಪ ಕೊಡುವ ವಿದ್ಯೆಗೆ ಫ್ರಾನ್ಸಿನ ಸೊರೆಲ್ 1837ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಕಾರಿನ ಇಡೀ ಬಾಡಿಗೆ ಸತು ಲೇಪಿತ ಉಕ್ಕು ಬಳಸುವುದು ಶುರುವಾದದ್ದು 1970ರ ದಶಕದ ನಡುವಿನಲ್ಲಿ, ಅದೂ ಪೋರ್ಷೆಯಂಥ ದುಬಾರಿ ಕಾರುಗಳಲ್ಲಿ. ಆಡಿ 1980ರ ದಶಕದಲ್ಲಿ ಅದನ್ನು ಅನುಸರಿಸಿತು. ಅದಕ್ಕೂ ಮೊದಲು ತುಕ್ಕು ಯುರೋಪಿನ ಕಾರುಗಳನ್ನೂ ಬಿಟ್ಟಿರಲಿಲ್ಲ. 1980ರ ಸುಮಾರಿಗೆ ಬ್ರಿಟನ್ನಿನಲ್ಲಿ ಲಾನ್ಸಿಯಾ ಬೀಟಾ ಕಾರುಗಳು ಎಷ್ಟು ಕೆಟ್ಟವೆಂದರೆ ಕಂಪನಿಯೇ ಅವುಗಳಲ್ಲಿ ಹಲವನ್ನು ಮಾಲೀಕರಿಂದ ಮರಳಿ ಕೊಂಡುಕೊಂಡಿತು. ಅಲ್ಲಿ ಕಂಪನಿ ಮಾನ ಕಳೆದುಕೊಂಡಿತು, ಗ್ರಾಹಕ ಬೇರೆ ಕಾರು ಕೊಂಡ.

ಇಲ್ಲಿ ಬೇರೆ ಕಾರು ಕೊಳ್ಳುವ ಸ್ಥಿತಿ ಇರಲಿಲ್ಲ. ಆ ಕಥೆಗೆ ನಮ್ಮ ಸಂಸ್ಥಾನದ ನಂಟೂ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಕ್ಕೆ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಅದರ ಬೆನ್ನಿಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವೆ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ರೂಪಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರ ನೆರವಿಗೆ ಸಿದ್ಧವಿತ್ತು, ಬ್ರಿಟಿಷ್ ಆಡಳಿತ ಒಪ್ಪಲಿಲ್ಲ. ವಾಲ್‌ಚಂದರು ಬೆಂಗಳೂರಿನಲ್ಲಿ ಕಟ್ಟಿದ್ದು 1940ರಲ್ಲಿ ವಿಮಾನ ಕಾರ್ಖಾನೆಯನ್ನು, ಇಂದಿನ ಎಚ್.ಎ.ಎಲ್.ನ ಮೊದಲ ರೂಪವನ್ನು. ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅಜ್ಜನ ಕಾರು ಬಂದದ್ದು ಅಲ್ಲಿಂದಲೇ. ಅದೇ ಕಾರು ಹೆಸರು ಬದಲಾಯಿಸುತ್ತಾ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪ್ರೀಮಿಯರ್ ಪದ್ಮಿನಿ ಆಯಿತು.

1953ರ ನಂತರ, ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುತ್ತಿದ್ದ ಕಂಪನಿಗಳಿಗೆ ಸರ್ಕಾರ ಬಾಗಿಲು ಮುಚ್ಚಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟುಹೋದವು. ಉಳಿದದ್ದು ಹಿಂದೂಸ್ತಾನ್, ಪ್ರೀಮಿಯರ್, ಮದರಾಸಿನ ಸ್ಟಾಂಡರ್ಡ್. ಲೈಸೆನ್ಸಿನಲ್ಲಿ ಹೇಳಿದ ಸಂಖ್ಯೆಗಿಂತ ಹೆಚ್ಚು ಮಾಡುವಂತಿಲ್ಲ, ಹೊರಗಿನಿಂದ ತರಿಸುವಂತಿಲ್ಲ. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಕೊನೆಯಲ್ಲಿ ಮಾರುತಿ ಬರುವ ತನಕ ಸುಮಾರಾಗಿ ಇದೇ ಸ್ಥಿತಿ. ಹೀಗೆ ಒಂದು ಕಾರು ಎರಡು ತಲೆಮಾರು ಓಡಲೇಬೇಕಾಗಿದ್ದ ದೇಶದಲ್ಲಿ ಅದನ್ನು ಓಡಿಸಿದ್ದು ಯಾರು? ಕೈಗಾರಿಕೆಯ ಚರಿತ್ರೆಗಳಲ್ಲಿ ಕಾರ್ಖಾನೆ, ಲೈಸೆನ್ಸು, ಮುಷ್ಕರ, ಮಂತ್ರಿಗಳು ಸಿಗುತ್ತಾರೆ. ಊರೂರಿನ ಟಿಂಕರ್ ಸಿಗುವುದಿಲ್ಲ.

ಮೈಸೂರಿನ ಆ ಗ್ಯಾರೇಜಿನ ಟಿಂಕರನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಅರವತ್ತು ದಾಟಿದ ವಯಸ್ಸು. ಅವರು ಕಾರಿನ ಪರೀಕ್ಷೆ ಶುರು ಮಾಡಿದ್ದು ಕಿವಿಯಿಂದ. ಚಿಕ್ಕ ಸುತ್ತಿಗೆಯಲ್ಲಿ ಬಾಗಿಲಿನ ಕೆಳಗಿನ ಪಟ್ಟಿಯನ್ನು ಗೇಣು ಗೇಣಿಗೆ ತಟ್ಟುತ್ತಾ ಹೋದರು. ಗಟ್ಟಿ ತಗಡು ‘ಠಣ್’ ಅನ್ನುತ್ತದೆ, ಒಳಗೆ ತಿಂದುಹೋದದ್ದು ‘ದಬ್’ ಅನ್ನುತ್ತದೆ. ದಬ್ ಎಂದ ಕಡೆಯೆಲ್ಲ ಸೀಮೆಸುಣ್ಣದ ಗೆರೆ. ಆಮೇಲೆ ಗೆರೆಯೊಳಗೆ ಸ್ಕ್ರೂಡ್ರೈವರ್ ಒತ್ತಿದರು, ಅದು ಸಲೀಸಾಗಿ ಒಳಗೆ ಹೋಯಿತು. ಹಿಂದೊಮ್ಮೆ ಯಾವುದೋ ಗ್ಯಾರೇಜಿನವರು ತುಕ್ಕಿನ ಮೇಲೆಯೇ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಅದು ಬೆರಳಗಲದ ಹೆಂಟೆಯಾಗಿ ಕಳಚಿ ಬಿತ್ತು.

“ಪುಟ್ಟಿ ತಪ್ಪಲ್ಲ ಸಾರ್. ತಗಡು ಸರಿ ಮಾಡಿದ್ಮೇಲೆ ಮೇಲ್ಮೈ ಸಮ ಮಾಡೋಕೆ ಅದು ಬೇಕು. ತೂತು ಮುಚ್ಚೋಕೆ ಹಾಕಿದ್ರೆ ಮುಂದಿನ ಮಳೆಗಾಲದವರೆಗೆ ಅಷ್ಟೇ” ಅಂದರು ಉಸ್ತಾದ್.

ಕೆಲಸದ ಕ್ರಮವನ್ನು ನಾನು ಟಿಪ್ಪಣಿ ಮಾಡಿಕೊಂಡೆ. ಮೊದಲು ಸೀಟು, ಮ್ಯಾಟು, ಬೀಡಿಂಗ್ ಎಲ್ಲ ತೆಗೆಯುವುದು. ಬಾಡಿ ಸೊಟ್ಟಗಾಗದಂತೆ ಕೆಳಗೆ ಸಮನಾಗಿ ಊರೆ ಕೊಡುವುದು, ಏಕೆಂದರೆ ಬೆನ್ನುಮೂಳೆ ಕತ್ತರಿಸಿದಾಗ ಕಾರು ನಡುವಿನಲ್ಲಿ ಜಗ್ಗುತ್ತದೆ. ಆಮೇಲೆ ತುಕ್ಕು ಕಾಣುವಷ್ಟನ್ನು ಮಾತ್ರವಲ್ಲ, ಹೊಳೆಯುವ ಲೋಹ ಸಿಗುವ ತನಕ ಕತ್ತರಿಸುವುದು. ರಟ್ಟಿನಲ್ಲಿ ಅಳತೆ ತೆಗೆದು, 20 ಗೇಜಿನ, ಅಂದರೆ ಸುಮಾರು 0.9 ಮಿಲಿಮೀಟರ್ ತಗಡನ್ನು ಅದರಂತೆ ಕತ್ತರಿಸಿ, ಹಿಂದೆ ಡಾಲಿ ಹಿಡಿದು ಸುತ್ತಿಗೆಯಲ್ಲಿ ಬಡಿದು ವಕ್ರತೆ ತರುವುದು. ಬೆಸೆಯುವಾಗ ಒಂದೇ ಸಮನೆ ಗೆರೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆಯಿಂದ ತಣಿಸುವುದು. ಅಸಿಟಿಲೀನ್ ಜ್ವಾಲೆಯ ಬಿಸಿ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತೆಳು ತಗಡಿಗೆ ಅದು ಒಂದು ಕ್ಷಣ ಹೆಚ್ಚಾದರೂ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಕೊನೆಗೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ತೆಳ್ಳಗೆ ಪುಟ್ಟಿ, ಉಪ್ಪುಕಾಗದ, ಬಣ್ಣ.

ರೆಡ್ ಆಕ್ಸೈಡಿನ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಅಂದರೆ ತುಕ್ಕಿನ ದಾಯಾದಿಯೇ ತುಕ್ಕಿಗೆ ಕಾವಲು. ಕರಾವಳಿಯ ದೇವಸ್ಥಾನಗಳ ಗೋಡೆಯ ಕಾವಿ ಚಿತ್ರಗಳ ಕೆಂಪೂ, ಅಜ್ಜನ ಮನೆಯ ಮುರಕಲ್ಲಿನ ಕೆಂಪೂ ಅದೇ. ಕೆಮ್ಮಣ್ಣುಗುಂಡಿಯ ಮಣ್ಣಿನ ಕೆಂಪೂ ಅದೇ. ಅದಿರಿನಿಂದ ಆಮ್ಲಜನಕವನ್ನು ಬಿಡಿಸಿ ಕಬ್ಬಿಣ ಮಾಡಲು ಕುಲುಮೆಯಲ್ಲಿ ಎಷ್ಟು ಇದ್ದಿಲು ಸುಡಬೇಕು! ಆಮ್ಲಜನಕ ಪುಕ್ಕಟೆಯಾಗಿ ಮರಳಿ ಬಂದು ಕೂರುತ್ತದೆ. ಹಾಗೆ ನೋಡಿದರೆ ತುಕ್ಕು ಕಬ್ಬಿಣದ ಕಾಯಿಲೆಯಲ್ಲ, ಅದು ತವರಿಗೆ ಮರಳುವ ದಾರಿ. ರಿಪೇರಿ ಮಾಡುವವರು ಆ ಪಯಣವನ್ನು ತಡಮಾಡುತ್ತಾರೆ. ನಿಲ್ಲಿಸುವುದು ಸಾಧ್ಯವಿಲ್ಲವೆಂದು ಅವರಿಗೂ ಗೊತ್ತು.

ನಾಲ್ಕನೆಯ ದಿನ ಎಡಗಡೆಯ ಪಟ್ಟಿಯ ಬಣ್ಣ ಕೆರೆಯುವಾಗ ಒಂದು ಹಳೆಯ ತೇಪೆ ಸಿಕ್ಕಿತು. ಅಂಗೈಯಗಲದ ತಗಡು, ಸುತ್ತ ಹಿತ್ತಾಳೆಯ ಬೆಸುಗೆ. ಮೇಲೆ ಮೂರು ಬಣ್ಣಗಳ ಪದರ: ಬಿಳಿ, ಅದರ ಕೆಳಗೆ ತಿಳಿ ನೀಲಿ, ಅದರ ಕೆಳಗೆ ಬೂದು. ಬೂದು ಬಣ್ಣ ಅಜ್ಜನ ಕಾಲದ್ದೆಂದು ಅಮ್ಮ ಫೋಟೊ ನೋಡಿ ಹೇಳಿದರು. ಹಾಗಾದರೆ ತೇಪೆಯೂ ಆ ಕಾಲದ್ದು, ಕುಂದಾಪುರದ ಸುತ್ತಮುತ್ತ ಯಾರೋ ಹಾಕಿದ್ದು. ಉಸ್ತಾದರು ಅದರ ಮೇಲೆ ಹೆಬ್ಬೆರಳು ಆಡಿಸಿ, “ಕಾರ್ಬೈಡ್ ಗ್ಯಾಸಿನಲ್ಲಿ ಮಾಡಿದ ಕೆಲಸ ಇರಬೇಕು. ಹಿತ್ತಾಳೆಗೆ ಕಡಿಮೆ ಬಿಸಿ ಸಾಕು, ತಗಡು ಸುರುಟಲ್ಲ. ಒಳ್ಳೆ ಕೈ” ಅಂದರು. ಬಿಚ್ಚಿ ನೋಡಿದರೆ ತೇಪೆಯ ಒಳಮೈಯಲ್ಲಿ ಅಚ್ಚಾದ ಅಕ್ಷರಗಳ ಮಸುಕು ತುಣುಕು. ಯಾವುದೋ ಎಣ್ಣೆ ಡಬ್ಬದಿಂದ ಕತ್ತರಿಸಿದ ತಗಡು ಅದು.

ಆ ತೇಪೆಯನ್ನು ಏನು ಮಾಡಬೇಕೆಂಬುದರ ಮೇಲೆ ನಮ್ಮಲ್ಲಿ ವಾದ ಹತ್ತಿತು. ಮಾವನಿಗೆ ಅದು ಕಳೆ. “ಫ್ಯಾಕ್ಟರಿಯಿಂದ ಬಂದ ಹಾಗೆ ಇರ್ಬೇಕು ಮಾರಾಯ, ಡಬ್ಬದ ತಗಡು ಇಟ್ಕೊಂಡು ಯಾರಿಗೆ ತೋರ್ಸುದು?” ಎಂದರು. ನನಗೆ ಅದೇ ಆ ಕಾರಿನ ಅತ್ಯಂತ ಬೆಲೆಯುಳ್ಳ ಭಾಗವೆನಿಸಿತ್ತು. ನನ್ನ ಪಕ್ಷಕ್ಕೆ ದೊಡ್ಡ ಸಾಕ್ಷಿಗಳೂ ಇದ್ದವು. ಸ್ಮಾರಕಗಳ ಸಂರಕ್ಷಣೆಗೆ ಇಂದಿಗೂ ಆಧಾರವಾಗಿರುವ 1964ರ ವೆನಿಸ್ ಸನ್ನದು, ಕಟ್ಟಡವೊಂದಕ್ಕೆ ಎಲ್ಲ ಕಾಲದವರು ಸೇರಿಸಿದ್ದನ್ನೂ ಗೌರವಿಸಬೇಕೆನ್ನುತ್ತದೆ. ಹೊಸದಾಗಿ ಸೇರಿಸಿದ್ದು ಹೊಂದಿಕೊಳ್ಳಬೇಕು, ಆದರೆ ಹೊಸದೆಂದು ಗುರುತು ಸಿಗುವಂತಿರಬೇಕು, ಇಲ್ಲದಿದ್ದರೆ ರಿಪೇರಿಯೇ ಸುಳ್ಳು ಸಾಕ್ಷಿಯಾಗುತ್ತದೆ ಎಂಬುದು ಅದರ ನಿಲುವು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ ಕೂಡ ತನ್ನ ಟ್ಯೂರಿನ್ ಸನ್ನದಿನಲ್ಲಿ ಇದೇ ದಾರಿ ಹಿಡಿದು, ವಾಹನ ಬಾಳಿದ ಕಾಲದ ಬದಲಾವಣೆಗಳೂ ಅದರ ಚರಿತ್ರೆಯ ಭಾಗವೆಂದು ಒಪ್ಪಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸ ಸಮಸ್ಯೆಯಲ್ಲ. ಗೆದ್ದಲು ಹಿಡಿದ ತಾಳೆಗರಿಯನ್ನು ಹೊಸ ಗರಿಗೆ ಇಳಿಸಿದ ಲಿಪಿಕಾರ ಕೃತಿಯನ್ನು ಉಳಿಸಿದ, ಜೊತೆಗೆ ತನ್ನ ಪಾಠಾಂತರವನ್ನೂ ಸೇರಿಸಿದ. ಸಂಪಾದಕರು ಆ ಪಾಠಾಂತರವನ್ನು ಎಸೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ‘ಮಿಲಿಂದಪನ್ಹ’ದ ರಥವಿದೆ. ರಥವೆಂದರೆ ಚಕ್ರವೇ, ಅಚ್ಚೇ, ನೊಗವೇ ಎಂದು ನಾಗಸೇನ ಅರಸನನ್ನು ಕೇಳುತ್ತಾನೆ. ಯಾವುದೂ ಅಲ್ಲ, ಅವೆಲ್ಲ ಸೇರಿದಾಗ ನಾವು ಕೊಟ್ಟುಕೊಂಡ ಹೆಸರು ಅದು ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಸಾರಿಗೆ ಇಲಾಖೆ ನಾಗಸೇನನಷ್ಟು ಉದಾರಿಯಲ್ಲ. ಅದಕ್ಕೆ ರಥವೆಂದರೆ ಚಾಸಿ ನಂಬರು, ಎಂಜಿನ್ ನಂಬರು.

ವಾದವನ್ನು ಮುಗಿಸಿದ್ದು ಉಸ್ತಾದರ ಸ್ಕ್ರೂಡ್ರೈವರ್. ತೇಪೆ ಗಟ್ಟಿಯಿತ್ತು, ಅದರ ಸುತ್ತಲಿನ ಮೂಲ ತಗಡು ಪುಡಿಯಾಗಿತ್ತು. ಎರಡು ಪದರದ ನಡುವೆ ನೀರು ನಿಂತು ಅಲ್ಲಿಂದಲೇ ತುಕ್ಕು ಹಬ್ಬಿತ್ತು. ಅದನ್ನು ಉಳಿಸಿದರೆ ಹೊಸ ತಗಡನ್ನೂ ಅದು ತಿನ್ನುತ್ತದೆ. ಬೆನ್ನುಮೂಳೆಯಲ್ಲಿ ಆ ಅಪಾಯ ಇಟ್ಟುಕೊಂಡು ರಸ್ತೆಗೆ ಇಳಿಸುವಂತಿಲ್ಲ. ಸ್ಮಾರಕದೊಳಗೆ ಯಾರೂ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕೂತಿರುವುದಿಲ್ಲ, ಕಾರಿನೊಳಗೆ ಕೂತಿರುತ್ತಾರೆ. ಅದನ್ನು ಕೇಳಿದ ಮೇಲೆ ನನ್ನ ವಾದಕ್ಕೆ ಬಲ ಉಳಿಯಲಿಲ್ಲ. ತೇಪೆಯನ್ನು ತೆಗೆದೆವು. ನಾನು ಅದರ ಫೋಟೊ ತೆಗೆದು, ಅಳತೆ ಬರೆದು, ಬಣ್ಣದ ಪದರಗಳನ್ನು ಎಣಿಸಿ, ಅದನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಹಳೆಯ ಕಾಗದಗಳ ಜೊತೆ ಇಟ್ಟೆ. ಉಸ್ತಾದರಿಗೆ ಹೊಸ ತಗಡಿನ ಒಳಮೈಯಲ್ಲಿ ಇಸವಿಯನ್ನೂ ತಮ್ಮ ಹೆಸರನ್ನೂ ಪಂಚಿನಲ್ಲಿ ಹೊಡೆಯಲು ಕೇಳಿಕೊಂಡೆ. ಅವರು ನಕ್ಕರು. “ಮುಚ್ಚಿಹೋಗತ್ತೆ ಸಾರ್, ಯಾರು ಓದ್ತಾರೆ?” ಅಂದವರು, ಮಧ್ಯಾಹ್ನದ ಊಟ ಮುಗಿಸಿ ಬಂದು ಹೊಡೆದರು.

ಹೆಸರಿನ ಮಾತು ನನ್ನನ್ನು ಬಿಡಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಶಿಲ್ಪದ ಕೆಳಗೆ ಇದೆ. ಮಲ್ಲಿತಮ್ಮನ ಹೆಸರು ಹಲವು ಹೊಯ್ಸಳ ದೇಗುಲಗಳಲ್ಲಿ ಸಿಗುತ್ತದೆ. ಮಾಡಿದವರ ಹೆಸರು ಕೆತ್ತುವ ಸಂಪ್ರದಾಯ ನಮ್ಮದು. ಆದರೆ ಅಜ್ಜನ ಕಾರಿನ ಆರ್.ಸಿ. ಪುಸ್ತಕದಲ್ಲಿ ಇರುವುದು ಮಾಲೀಕರ ಹೆಸರು, ತೆರಿಗೆಯ ಮೊಹರು, ಬಣ್ಣ ಬದಲಿಸಿದ ನಮೂದು. ಅರ್ಧ ಶತಮಾನ ಅದನ್ನು ರಸ್ತೆಯಲ್ಲಿ ಇಟ್ಟವರಲ್ಲಿ ಒಬ್ಬರ ಹೆಸರೂ ಇಲ್ಲ. ಧರ್ಮಸ್ಥಳದ ಮಂಜೂಷಾದಲ್ಲೋ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯದಲ್ಲೋ ಸಾಲಾಗಿ ಹೊಳೆಯುವ ಹಳೆಯ ಕಾರುಗಳನ್ನು ನೋಡುವಾಗಲೂ ನಮಗೆ ತಿಳಿಯಬೇಕೆನಿಸುವುದು ಯಾವ ಇಸವಿ, ಯಾವ ದೇಶ, ಯಾರ ಬಳಿ ಇತ್ತು ಎಂಬುದೇ.

ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಕೊನೆಯ ದಿನ 2023ರ ಅಕ್ಟೋಬರಿನಲ್ಲಿ ಬಂತು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ, ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರಲ್ಲಿ. ಪತ್ರಿಕೆಗಳು ಕಾರಿಗೆ ವಿದಾಯ ಬರೆದವು. ಆ ಟ್ಯಾಕ್ಸಿಗಳನ್ನು ಸಮುದ್ರದ ಗಾಳಿಯಲ್ಲಿ ಅಷ್ಟು ವರ್ಷ ಹಿಡಿದು ನಿಲ್ಲಿಸಿದ ಕೈಗಳೂ ಅದೇ ಹೊತ್ತಿಗೆ ಕೆಲಸ ಕಳೆದುಕೊಂಡವು. ಇಂದಿನ ಕಾರುಗಳು ಸತು ಲೇಪ ಹೊತ್ತು ಬರುತ್ತವೆ. ಡಿಕ್ಕಿಯಾದರೆ ಇಡೀ ಪ್ಯಾನೆಲ್ ಬದಲಿಸುತ್ತಾರೆ, ವಿಮೆ ದುಡ್ಡು ಕೊಡುತ್ತದೆ. ಡಾಲಿ, ಸುತ್ತಿಗೆ ಹಿಡಿದು ತಗಡಿಗೆ ಆಕಾರ ಕೊಡುವ ಹುಡುಗರು ಉಸ್ತಾದರ ಬಳಿ ಈಗ ಯಾರೂ ಕಲಿಯುತ್ತಿಲ್ಲ. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾರೆ.

ಮಾವನ ಅರ್ಜಿ ಇನ್ನೂ ಹೋಗಬೇಕಾಗಿದೆ. ನಿಯಮದ ಪ್ರಕಾರ ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರನ್ನು ಹಾಗೆಯೇ ಉಳಿಸಿಕೊಳ್ಳಬಹುದೆಂಬುದು ಅವರಿಗೆ ದೊಡ್ಡ ಸಮಾಧಾನ. ನನ್ನ ಅಭಿಪ್ರಾಯದಲ್ಲಿ ಆ ಕಾರು ಷರತ್ತನ್ನು ಮುರಿದಿಲ್ಲ. ಮಾರ್ಪಾಡೆಂದರೆ ಇದ್ದದ್ದನ್ನು ಬೇರೆಯದಾಗಿ ಮಾಡುವುದು. ಕೆಟ್ಟ ತಗಡನ್ನು ತೆಗೆದು ಅದೇ ಆಕಾರದ ತಗಡು ಕೂರಿಸುವುದು ಜೀರ್ಣೋದ್ಧಾರ. ಸಾವಿರ ವರ್ಷದ ಹಿಂದೆ ಕಟ್ಟುವುದಕ್ಕೂ ರಿಪೇರಿಗೂ ಬೇರೆ ಬೇರೆ ಮಾತಿಟ್ಟು, ಎರಡಕ್ಕೂ ದತ್ತಿ ಬರೆಸಿದವರಿಗೆ ಈ ವ್ಯತ್ಯಾಸ ಗೊತ್ತಿತ್ತು. ಮೋಟಾರು ವಾಹನ ನಿಯಮದಲ್ಲಿ ಅಂಥದ್ದೊಂದು ಪದ ಬೇಕು.

ಅದಕ್ಕಿಂತ ಮೊದಲು ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಸರ್ಕಾರದ ಅಪ್ಪಣೆ ಬೇಡ. ನಮ್ಮ ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಟಿಂಕರುಗಳ ಬಳಿ ಹೋಗಿ ಕೂರಬಹುದು. ಕೆಲಸ ಯಾರಿಂದ ಕಲಿತಿರಿ, ಮೊದಲ ಸಂಬಳ ಎಷ್ಟಿತ್ತು, ತಗಡು ಎಲ್ಲಿಂದ ತರುತ್ತಿದ್ದಿರಿ, ಸಿಗದಿದ್ದಾಗ ಏನು ಮಾಡಿದಿರಿ, ಗ್ಯಾಸಿನ ಹೊಗೆಯಿಂದ ಕಣ್ಣು ಎದೆ ಹೇಗಿವೆ ಎಂದು ಕೇಳಬಹುದು. ಉಸ್ತಾದರ ಜೊತೆ ನಾನು ಮಾಡಿದ ಧ್ವನಿಮುದ್ರಣ ಈವರೆಗೆ ಆರು ಗಂಟೆಯಷ್ಟಾಗಿದೆ. ಅದರಲ್ಲಿ ಅವರ ಗುರುವಿನ ಮಾತಿದೆ, ಗುರುವಿನ ಗುರುವಿನದೂ ಇದೆ. ಮುಂದಿನ ವಾರ ಕುಂದಾಪುರಕ್ಕೆ ಹೊರಟಿದ್ದೇನೆ. 1970ರ ದಶಕದಲ್ಲಿ ಅಲ್ಲಿ ಹಿತ್ತಾಳೆ ಬೆಸುಗೆ ಯಾರು ಮಾಡುತ್ತಿದ್ದರು ಎಂದು ವಿಚಾರಿಸಬೇಕು.